ತೋಳಿನ ಅಳತೆ

ಅವಳದು ಅಂತ ನನ್ನ ಹತ್ತಿರ ಇರುವುದು ಇಷ್ಟೇ:
ಎದೆ ಮೂವತ್ನಾಲ್ಕು, ಸೊಂಟ ಇಪ್ಪತ್ತೊಂಬತ್ತು,
ಹೆಗಲು ಹದಿನಾಲ್ಕು, ಹಿಂದಿನ ಕೊರಳು ಏಳು,
ತೋಳು ಐದೂವರೆ. ಅದನ್ನು ಹೊಡೆದುಹಾಕಿ
ಪಕ್ಕದಲ್ಲಿ ಹದಿನೆಂಟು.
ಪುಟದ ತಲೆಗೆ ಹೆಸರು: ಸುಲಕ್ಷಾ ತಾಂಡೇಲ, ಮಸ್ಕತ್.

ಸುದ್ದಿ ಕೋಡಿಬಾಗಕ್ಕೆ ಬಂದದ್ದು ಶುಕ್ರವಾರ,
ಬೈತಖೋಲದಲ್ಲಿ ಬೋಟುಗಳು ಬಾಂಗಡೆ ಇಳಿಸುವ ಹೊತ್ತಿಗೆ.
ಗಂಡ ಹೆಂಡತಿ ಇಬ್ಬರೂ.
ನಾಲ್ಕನೇ ಮಾಳಿಗೆಯ ಮನೆ, ಬಾಗಿಲು ಒಡೆದಿರಲಿಲ್ಲ,
ಮೇಜಿನ ಮೇಲೆ ಚಹಾದ ಕಪ್ ಮೂರು.

ಆ ಮೂರನೇ ಕಪ್ಪಿನಲ್ಲಿ ಊರಿಗೆ ಊರೇ ಚಹಾ ಕುಡಿಯಿತು.

ಮೀನುಪೇಟೆಯ ರುಕ್ಮಾ ಶೇವಟೆಯ ಕಿವಿರು ಎತ್ತಿ ತೋರಿಸುತ್ತ
ಬಂಗಾರ ಅಂದಳು, ಬಂಗಾರವೇ, ಇನ್ನೇನು.
ಸದಾಶಿವಗಡದ ಬಸ್ಸಿನ ಕಂಡಕ್ಟರ್
ಚಿಲ್ಲರೆಯ ಜೊತೆಗೊಬ್ಬ ಪಾಲುದಾರನನ್ನು ಕೊಟ್ಟ,
ಸಲೂನಿನ ಬಾಬ್ಲೋ ಅವನಿಗೊಂದು ಮೀಸೆ ಇಟ್ಟ.
ವಿಮೆ ಅಂದರು. ಹಳೆಯ ಗೆಳೆಯ ಅಂದರು.
ಮಸ್ಕತ್ ಎಲ್ಲಿ ಅಂತ ಕೇಳಿದರೆ
ಕೂರ್ಮಗಡದ ಆಚೆಗೆ ಸುಮ್ಮನೆ ಕೈ ಬೀಸುವವರಿಗೆ
ಆ ಅಡಿಗೆಮನೆಯ ಚಾಕು ಯಾವ ಗೂಟದಲ್ಲಿತ್ತು
ಅನ್ನುವುದು ಮಾತ್ರ ಪಕ್ಕಾ.

ಅಲ್ಲಿಯ ಪೊಲೀಸರಿಗೆ ಗೊತ್ತಾಗಲಿಲ್ಲ.
ಈವರೆಗೂ ಗೊತ್ತಾಗಿಲ್ಲ.

ಆ ತಿಂಗಳು ನನಗೆ ಗಿರಾಕಿ ಹೆಚ್ಚು.
ಫಾಲ್ ಹಚ್ಚುವ ನೆಪ, ಹುಕ್ಕು ಬಿಗಿ ಮಾಡುವ ನೆಪ.
ನಿನ್ನ ಹತ್ತಿರವೇ ಅಲ್ಲವೇ ಹೊಲಿಸುತ್ತಿದ್ದದ್ದು,
ಏನಾದರೂ ಅಂದಿದ್ದಳೇನೇ?

ಬಾಯಲ್ಲಿ ಗುಂಡುಸೂಜಿ ಇತ್ತು.
ಸುಮ್ಮನಿರಲಿಕ್ಕೆ ಅದಕ್ಕಿಂತ ದೊಡ್ಡ ನೆಪ ಬೇಕಿರಲಿಲ್ಲ.
ಒಂದೊಂದಾಗಿ ತೆಗೆದಿಟ್ಟು ಹೇಳಿದೆ:
ಹೋದ ಸಲ ಬಂದಾಗ ತೋಳು ಉದ್ದ ಮಾಡು ಅಂದಿದ್ದಳು,
ಹತ್ತಿರ ಹತ್ತಿರ ಮಣಿಕಟ್ಟಿನವರೆಗೆ.

ಸುಳ್ಳಲ್ಲ ಅದು.
ಮಷೀನಿನ ಗಾಲಿ ನಿಲ್ಲುವಷ್ಟರಲ್ಲಿ
ಮೂವರು ಹೆಂಗಸರು ಮುಖ ಮುಖ ನೋಡಿಕೊಂಡರು.
ಮುಚ್ಚಲಿಕ್ಕೆ, ಅಂದಳು ಒಬ್ಬಳು.
ಇನ್ನೊಬ್ಬಳು ತನ್ನದೇ ತೋಳು ಸವರಿಕೊಂಡಳು.

ಸಂಜೆಯೊಳಗೆ ಗುರುದಾಸ ಕುಡಿಯುತ್ತಿದ್ದ.
ಮರುದಿನ ಬೆಲ್ಟಿನಿಂದ ಹೊಡೆಯುತ್ತಿದ್ದ.
ಭಾನುವಾರದ ಹೊತ್ತಿಗೆ ಅವಳನ್ನು ಕೊಂದು ತಾನೂ ಸತ್ತಿದ್ದ,
ಮೂರನೇ ಕಪ್ಪನ್ನು ಯಾರೋ ತೊಳೆದು ಕವುಚಿಟ್ಟಿದ್ದರು.

ನಾನು ಹೇಳದೆ ಬಿಟ್ಟದ್ದು:
ಬೆನ್ನು ಕೊಟ್ಟು ನಿಂತವಳು, ನನ್ನ ಕೈ ತಣ್ಣಗಿದೆಯೆಂದು ನಕ್ಕವಳು,
"ನಮ್ಮ ಕ್ಲಿನಿಕ್ಕಿನ ಏಸಿ ಇದಕ್ಕಿಂತ ತಣ್ಣಗೆ, ಬಾಯಿ,
ಸರಿಯಾಗಿ ನನ್ನ ಕುರ್ಚಿಯ ನೆತ್ತಿಗೇ ಇದೆ.
ಇವರು ಸ್ವೆಟರ್ ತಂದುಕೊಟ್ಟಿದ್ದಾರೆ.
ಮಸ್ಕತ್ತಿನಲ್ಲಿ ಸ್ವೆಟರ್!
ಹೇಳಿದರೆ ಕಾರವಾರದವರು ನಗುತ್ತಾರೆ."
ಆ ತೋಳು ನಾನು ಬರಿಗಣ್ಣಲ್ಲಿ ಕಂಡದ್ದು.
ಚುಚ್ಚುಮದ್ದಿನ ಹಳೆಯ ಕಲೆ ಒಂದು,
ಮೊಣಕೈ ಹತ್ತಿರ ಸೊಳ್ಳೆ ಕಚ್ಚಿದ ಗುಳ್ಳೆ.
ಮತ್ತೇನೂ ಇಲ್ಲ.

ಯಾಕೆ ಬಿಟ್ಟೆ?
ಏಸಿಯ ಮಾತು ಕೇಳಲಿಕ್ಕೆ ಯಾರು ನಿಲ್ಲುತ್ತಾರೆ ಅಂಗಡಿಯಲ್ಲಿ?

ಮಳೆ ಬಂದು ಹೋದ ಮೇಲೆ ಗುರುದಾಸನ ತಾಯಿ ಬಂದಳು,
ಒಣಮೀನಿನ ಬುಟ್ಟಿಯನ್ನು ಮೆಟ್ಟಿಲ ಕೆಳಗೇ ಇಟ್ಟು.
ಸೊಸೆ ಹಾಕಿಹೋದ ರವಿಕೆ ಇದೆಯಂತಲ್ಲ.
ಇತ್ತು. ನೀಲಿ, ಹೊಲಿದು ಮಡಿಚಿ ಪ್ಲಾಸ್ಟಿಕ್ ಚೀಲದಲ್ಲಿ.
ಅವಳು ಬಿಡಿಸಿದಳು. ಒಂದು ತೋಳಿನೊಳಗೆ
ತನ್ನ ಕೈ ತೂರಿಸಿ ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡಳು.
"ಹೊಡೆಯುತ್ತಿದ್ದನೇ ಅವನು? ನಿನಗೆ ಗೊತ್ತಂತೆ."

ಹೇಳಿದೆ. ಏಸಿ, ಕುರ್ಚಿ, ಸ್ವೆಟರ್, ನಗೆ, ಎಲ್ಲ.
ಬಿಚ್ಚಿ ಹೊಲಿದ ಕಡೆ ಹಳೆಯ ಸೂಜಿಯ ತೂತು
ಹೇಗೆ ಉಳಿದುಬಿಡುತ್ತದೋ
ನನ್ನ ಮಾತು ನನಗೇ ಹಾಗೆ ಕಂಡಿತು.
ಅವಳು ಹೌದಾ ಅಂದಳು.
ನಂಬಿದಳೋ, ನನ್ನನ್ನು ಸಮಾಧಾನ ಮಾಡಿದಳೋ.
ಆಮೇಲೆ, "ತೋಳು ಕತ್ತರಿಸಿಬಿಡು. ಮೊದಲಿನಷ್ಟೇ ಇಡು."

ಅವಳ ಎದುರಿಗೇ ಕತ್ತರಿಸಿದೆ. ದುಡ್ಡು ಬೇಡ ಅಂದೆ.
ಎಣಿಸಿ ಇಟ್ಟೇ ಹೋದಳು.

ಹನ್ನೆರಡೂವರೆ ಇಂಚಿನ ಎರಡು ತುಂಡು
ಚಿಂದಿಬುಟ್ಟಿಯಲ್ಲಿ ಇನ್ನೂ ಇವೆ.
ಒಳ್ಳೆಯ ಬಟ್ಟೆ, ಯಾರದು ಇದು,
ಅಂತ ನಿನ್ನೆ ಒಬ್ಬಳು ಕೇಳಿದಳು.

ಬಾಯಲ್ಲಿ ಗುಂಡುಸೂಜಿ ಇತ್ತು.